13 ವರ್ಷದ ಮಗ ಈಜು ಸ್ಪರ್ಧೆ ಅಂದರೆ ಹೆದರುತ್ತಾನೆ. ಅವನಿಗೆ ಧೈರ್ಯ ತುಂಬುವುದು ಹೇಗೆ?

ಸ್ಪರ್ಧೆಯ ದಿನ ಬೆಳಿಗ್ಗೆ ಹೊಟ್ಟೆನೋವು. ಪ್ರಾಕ್ಟೀಸಿಗಿಂತ ಎರಡು ಸೆಕೆಂಡ್ ಜಾಸ್ತಿ ಟೈಮಿಂಗ್. ಆಮೇಲೆ ಎರಡು ದಿನ ಮಾತಿಲ್ಲ. ನೀವು ಬರೆದಿರುವ ಇಷ್ಟನ್ನು ಓದಿ ನಾನು ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ಕೂತೆ. ನಮ್ಮ ಮನೆಯಲ್ಲಿ ಹೀಗೇ ಆಗಿತ್ತು. ನಿಮಗೆ ಮಗ, ನಮಗೆ ಮಗಳು, ಅಷ್ಟೇ ವ್ಯತ್ಯಾಸ.

ಮಗಳು ಏಳನೇ ವಯಸ್ಸಿಗೆ ಬೆಂಗಳೂರಿನ ಒಂದು ಈಜುಕೊಳದಲ್ಲಿ ಬೇಸಿಗೆ ಶಿಬಿರಕ್ಕೆ ಸೇರಿದಳು. ಹತ್ತಕ್ಕೆ ಬಂದಾಗ ಬೆಳಗಿನ ಐದೂವರೆ ಬ್ಯಾಚು. ನಾನು ನಾಲ್ಕೂಮುಕ್ಕಾಲಿಗೆ ಎದ್ದು ಸ್ಕೂಟರ್ ತೆಗೆಯುತ್ತಿದ್ದೆ. ಅವಳು ಹಿಂದೆ ಕೂತು, ನನ್ನ ಬೆನ್ನಿಗೆ ಕೆನ್ನೆ ಒತ್ತಿ, ದಾರಿಯುದ್ದಕ್ಕೂ ಇನ್ನೊಂದು ನಿದ್ದೆ ಮಾಡುತ್ತಿದ್ದಳು. ಕೊಳ ಬಂದ ತಕ್ಷಣ ನನಗಿಂತ ಮೊದಲು ಇಳಿದು ಓಡುತ್ತಿದ್ದಳು. ನೀರು ಅಂದರೆ ಅಷ್ಟು ಆಸೆ. ಹನ್ನೆರಡನೇ ವಯಸ್ಸಿನಲ್ಲಿ ರಾಜ್ಯಮಟ್ಟದ ಸ್ಪರ್ಧೆಯಲ್ಲಿ 100 ಮೀಟರ್ ಫ್ರೀಸ್ಟೈಲಿನಲ್ಲಿ ಮೂರನೆಯವಳಾಗಿ ಬಂದಳು. ಆ ಸಂಜೆ ನಾನು ಎರಡು ವಸ್ತು ಕೊಂಡೆ. ಒಂದು ಸ್ಟಾಪ್‌ವಾಚ್, ಇನ್ನೊಂದು ಇನ್ನೂರು ಪುಟದ ನೋಟ್‌ಬುಕ್.

ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು. ಅದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಅದು ತಪ್ಪು ಅಂತ ನನಗೆ ಮೂರು ವರ್ಷ ಗೊತ್ತೇ ಆಗಲಿಲ್ಲ. ನಾನು ಮಗಳಿಗೆ ಹೊಡೆಯುವ ಅಪ್ಪ ಅಲ್ಲ. ಕೂಗಾಡಲಿಲ್ಲ. ಬೇರೆ ಮಕ್ಕಳ ಜೊತೆ ಹೋಲಿಸಲಿಲ್ಲ. ಸುಮ್ನೆ ಗ್ಯಾಲರಿಯಲ್ಲಿ ಕೂತು ಟೈಮ್ ನೋಡುತ್ತಿದ್ದೆ, ಅಷ್ಟೇ ಅಂದುಕೊಂಡಿದ್ದೆ.

ಆದರೆ ಆ "ಅಷ್ಟೇ" ಹೇಗಿತ್ತು ನೋಡಿ. ಅವಳು ಗೋಡೆ ಮುಟ್ಟುತ್ತಾಳೆ. ಗಾಗಲ್ಸ್ ಹಣೆಗೆ ಏರಿಸುತ್ತಾಳೆ. ಬೋರ್ಡ್ ನೋಡುವುದಿಲ್ಲ, ಪಕ್ಕದ ಲೇನಿನವಳನ್ನು ನೋಡುವುದಿಲ್ಲ, ಗ್ಯಾಲರಿಯಲ್ಲಿ ನನ್ನನ್ನು ಹುಡುಕುತ್ತಾಳೆ. ಆ ಹೊತ್ತಿಗೆ ನನ್ನ ತಲೆ ಕೆಳಗಿರುತ್ತದೆ. ವಾಚ್ ನೋಡುತ್ತಿರುತ್ತೇನೆ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಬರೆದಾದ ಮೇಲೆ ತಲೆ ಎತ್ತುತ್ತೇನೆ. ಎಲ್ಲಾ ಸೇರಿ ನಾಲ್ಕೈದು ಸೆಕೆಂಡ್. ಅಷ್ಟು ಹೊತ್ತೂ ಆ ಮಗು ನೀರಲ್ಲಿ ನಿಂತು, ಏದುಸಿರು ಬಿಡುತ್ತಾ, ನನ್ನ ನೆತ್ತಿ ನೋಡುತ್ತಿರುತ್ತಾಳೆ. ತಾನು ಚೆನ್ನಾಗಿ ಈಜಿದೆನಾ ಇಲ್ಲವಾ ಅಂತ ಅವಳಿಗೆ ಗೊತ್ತಾಗುತ್ತಿದ್ದದ್ದು ನಾನು ತಲೆ ಎತ್ತಿದಾಗ ನನ್ನ ಮುಖ ಹೇಗಿರುತ್ತದೆ ಅನ್ನುವುದರಿಂದ. ಮುಖ ನಗುತ್ತಿದ್ದರೂ ಅವಳಿಗೆ ಗೊತ್ತಾಗುತ್ತಿತ್ತು. ಮಕ್ಕಳು ಅಪ್ಪನ ಸುಳ್ಳುನಗು ಕಂಡುಹಿಡಿಯುವಷ್ಟು ಬೇಗ ಬೇರೇನೂ ಕಲಿಯುವುದಿಲ್ಲ.

ಹದಿಮೂರು ದಾಟುತ್ತಿದ್ದ ಹಾಗೆ ಅವಳು ದೊಡ್ಡವಳಾದಳು. ಎತ್ತರ ಬಂತು, ಸೊಂಟ ಅಗಲವಾಯಿತು, ಮೈತೂಕ ಏರಿತು. ಈಜುವ ಹೆಣ್ಣುಮಕ್ಕಳಿಗೆ ಈ ವಯಸ್ಸಿನಲ್ಲಿ ಟೈಮಿಂಗ್ ನಿಂತಲ್ಲೇ ನಿಲ್ಲುವುದು ತೀರಾ ಸಾಮಾನ್ಯ. ಹಳೆಯ ದೇಹಕ್ಕೆ ಕಲಿತ ಸ್ಟ್ರೋಕನ್ನು, ಅಂದರೆ ನೀರಲ್ಲಿ ಕೈ ಬೀಸುವ ರೀತಿಯನ್ನು, ಹೊಸ ದೇಹಕ್ಕೆ ಮತ್ತೆ ಕಲಿಸಬೇಕು. ಕೋಚ್ ನನ್ನನ್ನು ಪಕ್ಕಕ್ಕೆ ಕರೆದು, "ಒಂದು ವರ್ಷ, ಒಂದೂವರೆ ವರ್ಷ ಹೀಗೇ ಇರುತ್ತೆ ಸಾರ್, ಸುಮ್ನಿದ್ದುಬಿಡಿ" ಅಂದರು. ನಾನು ಸುಮ್ಮನಿರಲಿಲ್ಲ. ಅವಳಿಗೆ ರಾತ್ರಿ ಅನ್ನ ನಿಲ್ಲಿಸಿದೆ. ಮಲಗುವ ಮುಂಚೆ ಮೋಟಿವೇಶನ್ ವಿಡಿಯೋ ಹಾಕಿ ತೋರಿಸಿದೆ. ನೀವೂ ತೋರಿಸುತ್ತಿದ್ದೇನೆ ಅಂತ ಬರೆದಿದ್ದೀರಿ. ಇವತ್ತೇ ನಿಲ್ಲಿಸಿ. ಆ ವಿಡಿಯೋ ನೋಡುವ ಮಗುವಿಗೆ ಕೇಳಿಸುವುದು ಒಂದೇ ಮಾತು: ನೀನು ಈಗ ಇರುವ ಹಾಗೆ ಇದ್ದರೆ ಸಾಲದು.

ಹೊಟ್ಟೆನೋವು ಶುರುವಾದದ್ದು ಆಗ. ಡಾಕ್ಟರ್ ಹತ್ತಿರ ಹೋದೆವು, ಸ್ಕ್ಯಾನ್ ಮಾಡಿಸಿದೆವು, ಏನೂ ಇರಲಿಲ್ಲ. ಏನೂ ಇಲ್ಲ ಅಂದ ಮೇಲೆ ನಾನು ಅವಳಿಗೆ "ನಾಟಕ" ಅಂದೆ. ಭಯಕ್ಕೆ ಹೊಟ್ಟೆ ನಿಜವಾಗಿಯೂ ಹಿಂಡುತ್ತದೆ, ಅದು ಸುಳ್ಳಲ್ಲ ಅಂತ ಆಮೇಲೆ ತಿಳಿಯಿತು. ಈಜಿನಲ್ಲಿ ಒಂದೇ ಒಂದು ಫಾಲ್ಸ್ ಸ್ಟಾರ್ಟ್ ಆದರೂ, ಅಂದರೆ ಸಿಗ್ನಲ್‌ಗೆ ಮುಂಚೆ ಹೊರಟರೂ, ಔಟ್, ಎರಡನೇ ಅವಕಾಶ ಇಲ್ಲ. ನೀರಿಗೆ ಹಾರುವ ಕಟ್ಟೆ, ಅಂದರೆ ಬ್ಲಾಕ್ ಮೇಲೆ ಬಗ್ಗಿ ನಿಂತ ಆ ಒಂದೆರಡು ಸೆಕೆಂಡಿನಲ್ಲಿ ಅವಳ ತೊಡೆ ನಡುಗುವುದು ನನಗೆ ಗ್ಯಾಲರಿಯಿಂದಲೇ ಕಾಣುತ್ತಿತ್ತು. ಕಂಡರೂ ನಾನು ಬರೆದದ್ದು "ಸ್ಟಾರ್ಟ್ ನಿಧಾನ" ಅಂತ.

ಒಂದು ಭಾನುವಾರ ಸ್ಪರ್ಧೆ ಇತ್ತು. ಅವಳ ಹೀಟ್, ಅಂದರೆ ಒಟ್ಟಿಗೆ ಈಜುವ ಮಕ್ಕಳ ಗುಂಪನ್ನು, ಕರೆದರು. ಏಳು ಮಕ್ಕಳು ಬಂದು ನಿಂತರು. ನಾಲ್ಕನೇ ಲೇನ್ ಖಾಲಿ. ಹೆಸರು ಮತ್ತೆ ಕೂಗಿದರು. ಉದ್ದ ಸೀಟಿ ಊದಿದರು. ಏಳು ಜನ ನೀರಿಗೆ ಹಾರಿದರು, ನಾಲ್ಕನೇ ಲೇನಿನ ನೀರು ಮಾತ್ರ ಹಾಗೇ ಇತ್ತು. ನಾನು ಕೆಳಗೆ ಓಡಿದೆ. ಅವಳ ಗೆಳತಿಯ ತಾಯಿ ಬಟ್ಟೆ ಬದಲಿಸುವ ಕೋಣೆಯಿಂದ ಅವಳನ್ನು ಕೈಹಿಡಿದು ಕರೆತಂದರು. ಕ್ಯಾಪ್ ಹಾಕಿಕೊಂಡಿದ್ದಳು, ಗಾಗಲ್ಸ್ ಹಣೆ ಮೇಲಿತ್ತು. ಸ್ವಿಮ್‌ಸೂಟ್ ಒಣಗಿತ್ತು.

ಸ್ಕೂಟರಿನಲ್ಲಿ ಬರುವಾಗ ಇಬ್ಬರೂ ಮಾತಾಡಲಿಲ್ಲ. ಅವಳು ನನ್ನ ಬೆನ್ನಿಗೆ ಒರಗಲಿಲ್ಲ, ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಸಿಗ್ನಲ್‌ನಲ್ಲಿ ನಿಂತಾಗ ಕೇಳಿದಳು: "ಅಪ್ಪಾ, ಇವತ್ತು ಟೈಮಿಂಗ್ ಇಲ್ವಲ್ಲ. ಪುಸ್ತಕದಲ್ಲಿ ಏನು ಬರೀತೀಯ?"

ಚುಚ್ಚಬೇಕು ಅಂತ ಕೇಳಿದ್ದಲ್ಲ. ಅವಳಿಗೆ ನಿಜವಾಗಿ ಭಯವಿತ್ತು.

ಮರುದಿನದಿಂದ ಅವಳು ಕೊಳಕ್ಕೆ ಹೋಗಲಿಲ್ಲ. ಹತ್ತು ತಿಂಗಳು ಹೋಗಲಿಲ್ಲ. ಆ ಹತ್ತು ತಿಂಗಳಲ್ಲಿ ಒಂದು ರಾತ್ರಿ ನಾನು ಆ ನೋಟ್‌ಬುಕ್ ಮೊದಲಿನಿಂದ ಓದಿದೆ. ಟರ್ನ್ ನಿಧಾನ. ಉಸಿರು ಜಾಸ್ತಿ ತೆಗೆದಳು. ಕೊನೆಯ 15 ಮೀಟರ್ ಸೋಮಾರಿತನ. ಎಣಿಸಿದೆ, "ಸೋಮಾರಿತನ" ಅನ್ನುವ ಪದ ಹನ್ನೊಂದು ಕಡೆ ಇತ್ತು. ಬೆಳಿಗ್ಗೆ ಐದೂವರೆಗೆ ತಣ್ಣೀರಿಗೆ ಇಳಿಯುವ ಹುಡುಗಿಯ ಬಗ್ಗೆ ಬರೆದದ್ದು ಅದು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಧೈರ್ಯ ತುಂಬುವುದು ಹೇಗೆ" ಅಂತ ಕೇಳಿದ್ದೀರಿ. ನಿಮ್ಮ ಮಗನಲ್ಲಿ ಧೈರ್ಯ ಕಡಿಮೆ ಇದೆ ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ಪ್ರಾಕ್ಟೀಸಿನಲ್ಲಿ ಎರಡು ಸೆಕೆಂಡ್ ಬೇಗ ಈಜುತ್ತಾನೆ ಅಂದರೆ ಅವನ ಮೈಗೆ ಎಲ್ಲಾ ಗೊತ್ತಿದೆ. ಅವನು ನೀರಿಗೆ ಹೆದರುತ್ತಿಲ್ಲ, ಬಹುಶಃ ಸೋಲಿಗೂ ಅಷ್ಟಾಗಿ ಹೆದರುತ್ತಿಲ್ಲ. ಸೋತ ಮೇಲೆ ಮನೆಗೆ ಬರುವ ದಾರಿಗೆ ಹೆದರುತ್ತಿದ್ದಾನೆ. ಪ್ರಾಕ್ಟೀಸಿಗೆ ನೀವು ಬರುವುದಿಲ್ಲ, ಸ್ಪರ್ಧೆಗೆ ಮಾತ್ರ ಬರುತ್ತೀರಿ ಅಂತ ನೀವೇ ಬರೆದಿದ್ದೀರಿ. ಆ ಸಾಲನ್ನು ಇನ್ನೊಮ್ಮೆ ಓದಿ ನೋಡಿ. ನನ್ನ ಮಾತು ಕಟುವಾಯಿತು ಅನ್ನಿಸಿದರೆ ಕ್ಷಮಿಸಿ, ಆದರೆ ನನಗೆ ಯಾರಾದರೂ ಆಗಲೇ ಹೀಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಬೆಂಗಳೂರಿನ ಧಿನಿಧಿ ದೇಸಿಂಗು ಹೆಸರು ಕೇಳಿರುತ್ತೀರಿ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 14ನೇ ವಯಸ್ಸಿಗೆ 200 ಮೀಟರ್ ಫ್ರೀಸ್ಟೈಲ್ ಈಜಿದ ಹುಡುಗಿ. ಅವಳಿಗೆ ಮೊದಮೊದಲು ನೀರು ಅಂದರೇ ಭಯ, ತಲೆ ಮುಳುಗಿಸಲೂ ಒಪ್ಪುತ್ತಿರಲಿಲ್ಲವಂತೆ. ಅಪ್ಪ ಅಮ್ಮ ತಾವೇ ಮೊದಲು ನೀರಿಗೆ ಇಳಿದರು. ಇದನ್ನು ಓದಿದ ದಿನ ನನಗೆ ತುಂಬಾ ಸಂಕಟವಾಯಿತು. ಅವರು ನೀರಲ್ಲಿದ್ದರು, ನಾನು ಗ್ಯಾಲರಿಯಲ್ಲಿದ್ದೆ. 2000ದ ಸಿಡ್ನಿ ಒಲಿಂಪಿಕ್ಸಿಗೆ ಹೋದ ಈಜುಗಾರ್ತಿ ನಿಶಾ ಮಿಲೆಟ್ ಕೂಡ ಐದನೇ ವಯಸ್ಸಿನಲ್ಲಿ ಮುಳುಗುವುದರಿಂದ ಸ್ವಲ್ಪದರಲ್ಲೇ ಪಾರಾದವರು. ಹೆದರುವ ಮಕ್ಕಳು ಈಜುಗಾರರಾಗುವುದಿಲ್ಲ ಅನ್ನುವುದು ಶುದ್ಧ ಸುಳ್ಳು.

ನಮ್ಮ ಕಥೆ ಮುಂದೇನಾಯಿತು ಅಂದರೆ, ಬೇಸಿಗೆ ಶಿಬಿರದಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಜನ ಸಾಲದೆ ಕೋಚ್ ಅವಳನ್ನು ಕರೆದರು. ನನ್ನನ್ನು ಕೇಳಲೇ ಇಲ್ಲ, ನೇರ ಅವಳಿಗೇ ಫೋನ್ ಮಾಡಿದರು. ಒಂದು ತಿಂಗಳು ಐದಾರು ವರ್ಷದ ಮಕ್ಕಳ ಹೊಟ್ಟೆಯಡಿ ಕೈಕೊಟ್ಟು ತೇಲಿಸುತ್ತಾ ಸೊಂಟಮಟ್ಟದ ನೀರಲ್ಲಿ ನಿಂತಳು. ಒಂದು ದಿನ ಮಕ್ಕಳೆಲ್ಲಾ ಹೋದ ಮೇಲೆ ತಾನೂ ಎರಡು ಲ್ಯಾಪ್ ಈಜಿ ಬಂದಳಂತೆ. ನನಗೆ ಅದು ಗೊತ್ತಾದದ್ದು ಒದ್ದೆ ಕೂದಲಿನಿಂದ.

ಆಮೇಲೆ ಕೋಚ್ ಮಾಡಿದ ಕೆಲಸವನ್ನು ನಾನು ಮರೆಯುವುದಿಲ್ಲ. ಧೈರ್ಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ಕೆಲಸ ಕೊಟ್ಟರು. ದಿನವೂ ಬ್ಲಾಕ್ ಹತ್ತುವ ಮುಂಚೆ ಮಾಡುವುದು ಒಂದೇ: ಎದೆಗೆ ಎರಡು ಬೊಗಸೆ ನೀರು, ಗಾಗಲ್ಸ್ ಒತ್ತುವುದು, ತೋಳು ಕೊಡವುವುದು. ಪ್ರಾಕ್ಟೀಸ್ ಇರಲಿ, ಸ್ಪರ್ಧೆ ಇರಲಿ, ಅದೇ ಕ್ರಮ. ವಾರ್ಮಪ್ಪಿನಲ್ಲಿ ಗೋಡೆ ಹಿಡಿದು, ಮುಖ ಮುಳುಗಿಸಿ, ನಿಧಾನವಾಗಿ ಗುಳ್ಳೆ ಬಿಡುವುದು, ಹತ್ತು ಸಲ. ಉಸಿರು ಹೊರಗೆ ನಿಧಾನವಾಗಿ ಹೋದರೆ ಎದೆಬಡಿತ ತಾನೇ ಇಳಿಯುತ್ತದೆ. ಮೂರನೆಯದು ನನಗೆ ತುಂಬಾ ಹಿಡಿಸಿದ್ದು. ವಾರಕ್ಕೊಮ್ಮೆ ಬೇಕಂತಲೇ ಗಾಗಲ್ಸಿನಲ್ಲಿ ನೀರು ತುಂಬಿಸಿ ಈಜಿಸುತ್ತಿದ್ದರು. ಐವತ್ತು ಮೀಟರಿಗೆ ತನಗೆ ಎಷ್ಟು ಸ್ಟ್ರೋಕ್ ಬೇಕು ಅಂತ ಎಣಿಸಬೇಕು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ 200 ಮೀಟರ್ ಬಟರ್‌ಫ್ಲೈ ಫೈನಲ್ ಈಜುವಾಗ ಗಾಗಲ್ಸ್ ತುಂಬಾ ನೀರು ನುಗ್ಗಿ ಏನೂ ಕಾಣಲಿಲ್ಲ. ಸ್ಟ್ರೋಕ್ ಎಣಿಸಿಕೊಂಡೇ ಹೋಗಿ ಗೋಡೆ ಮುಟ್ಟಿದರು. ವಿಶ್ವದಾಖಲೆಯೊಂದಿಗೆ ಚಿನ್ನ. ಅವರ ಕೋಚ್ ಬಾಬ್ ಬೋಮನ್ ವರ್ಷಗಳ ಮುಂಚೆಯೇ ಇಂಥ ಸಣ್ಣಪುಟ್ಟ ತೊಂದರೆಗಳನ್ನು ಬೇಕಂತಲೇ ತಂದೊಡ್ಡಿ ಅಭ್ಯಾಸ ಮಾಡಿಸಿದ್ದರು. ಮನೋಬಲ ಅನ್ನುವುದು ಹೀಗೆ ಕೈಕೆಲಸದ ಹಾಗೆ ಬರುತ್ತದೆ, ಭಾಷಣದಿಂದ ಬರುವುದಿಲ್ಲ.

ಕೋಚ್ ಬದಲಿಸಬೇಕಾ ಅಂತಲೂ ಕೇಳಿದ್ದೀರಿ. ಬೇಡ. ಈಗಂತೂ ಬೇಡವೇ ಬೇಡ. ಸೈಕಾಲಜಿಸ್ಟ್ ಹತ್ತಿರ ಹೋಗಿ, ಒಳ್ಳೆಯದೇ. ಆದರೆ ಮೊದಲ ಸಲ ನೀವಿಬ್ಬರು ಅಪ್ಪ ಅಮ್ಮ ಮಾತ್ರ ಹೋಗಿ ಕೂತು ಬನ್ನಿ. ಮಗನಿಗೆ ನಿದ್ದೆ ಬರುತ್ತಿಲ್ಲ, ಊಟ ಬಿಡುತ್ತಿದ್ದಾನೆ, ಸ್ಪರ್ಧೆ ಇಲ್ಲದ ದಿನವೂ ಮಂಕಾಗಿದ್ದಾನೆ ಅಂದರೆ ಮಾತ್ರ ತಡ ಮಾಡದೆ ಅವನನ್ನೂ ಕರೆದುಕೊಂಡು ಹೋಗಿ.

ಮಗಳಿಗೆ ಈಗ 19. ಕಾಲೇಜು ತಂಡದಲ್ಲಿ ಈಜುತ್ತಾಳೆ. ರಾಷ್ಟ್ರೀಯ ಮಟ್ಟಕ್ಕೆ ಹೋಗಲಿಲ್ಲ. ಆ ಹತ್ತು ತಿಂಗಳು ತಪ್ಪದೇ ಇದ್ದಿದ್ದರೆ ಹೋಗುತ್ತಿದ್ದಳೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ, ಅವಳ ಮುಂದೆ ಹೇಳುವುದಿಲ್ಲ. ಹೋದ ವರ್ಷ ಒಂದು ಸ್ಪರ್ಧೆಯಲ್ಲಿ ಡೈವ್ ಹೊಡೆದಾಗಲೇ ಅವಳ ಗಾಗಲ್ಸ್ ಜಾರಿ ಬಾಯಿಗೆ ಬಂತು. ಈಜಿ ಮುಗಿಸಿ ಮೇಲೆ ಬಂದವಳು ನಗುತ್ತಾ, "ಎಣಿಸ್ಕೊಂಡೇ ಬಂದೆ ಅಪ್ಪಾ" ಅಂದಳು. ಟೈಮಿಂಗ್ ಎಷ್ಟು ಅಂತ ನಾನು ಕೇಳಲಿಲ್ಲ.

ಮುಂದಿನ ಸ್ಪರ್ಧೆಗೆ ನೀವು ಹೋಗುವಾಗ ಕೈಯಲ್ಲಿ ಫೋನ್ ಬೇಡ, ವಾಚ್ ಬೇಡ. ಅವನು ಗೋಡೆ ಮುಟ್ಟಿ ತಲೆ ಎತ್ತಿದಾಗ ನಿಮ್ಮ ಮುಖ ಅವನ ಕಡೆಗೇ ಇರಲಿ. ಈಜಿ ಬಂದ ಮಕ್ಕಳಿಗೆ ವಿಪರೀತ ಹಸಿವು. ಟವೆಲ್ ಕೊಟ್ಟು ಡಬ್ಬಿ ತೆಗೆಯಿರಿ. ಮನೆ ತಲುಪುವವರೆಗೂ ಈಜಿನ ಮಾತು ಅವನೇ ಎತ್ತಿದರೆ ಮಾತ್ರ ಆಡಿ. ನನ್ನ ಮಗಳಿಗೆ ಒಗ್ಗರಣೆ ಅವಲಕ್ಕಿ ಆಗಬೇಕು, ನಿಂಬೆಹುಳಿ ಸ್ವಲ್ಪ ಜಾಸ್ತಿ ಹಾಕಿ. ನಿಮ್ಮ ಮಗನಿಗೆ ಏನು ಇಷ್ಟವೋ ಇವತ್ತೇ ಕೇಳಿಟ್ಟುಕೊಳ್ಳಿ.