ನಿಮ್ಮ ಕತೆಯ ಮೇಡಂಗೆ ಒಂದು ನೌಕರಿ ಕೊಡಿ

ನಮಸ್ಕಾರ.

ನಿಮ್ಮ ಕತೆಯನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಕತೆಯೂ ಅಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬೇರೆಯವರಿಗೂ ಉಪಯೋಗಕ್ಕೆ ಬರಲಿ ಎಂದು ನೀವು ಒಪ್ಪಿದ್ದೀರಿ, ಹಾಗಾಗಿ ಹೆಸರು ಬಿಟ್ಟು ಎಲ್ಲರ ಎದುರಿಗೇ ಉತ್ತರಿಸುತ್ತಿದ್ದೇನೆ.

ಓದದವರಿಗೆ ಕತೆ ಇಷ್ಟು. 1957ನೇ ಇಸವಿ, ಅಮೆರಿಕದ ಒಹಾಯೊ ರಾಜ್ಯದ ಒಂದು ಸಣ್ಣ ಊರು. ಅಲ್ಲಿನ ಹೈಸ್ಕೂಲಿನಲ್ಲಿ 55 ದಾಟಿದ, ಮದುವೆಯಾಗದ ಇಂಗ್ಲಿಷ್ ಮೇಡಂ. ಓದಿದ್ದು ಸಾಕು, ಅಪ್ಪನ ಜೊತೆ ಉಕ್ಕಿನ ಕಾರ್ಖಾನೆಗೆ ಹೋಗುತ್ತೇನೆ ಎನ್ನುವ ಒಬ್ಬ ಹುಡುಗ. ಮೇಡಂ ಅವನಿಗೊಂದು ಪುಸ್ತಕ ಕೊಡುತ್ತಾರೆ, ಹುಡುಗ ಬದಲಾಗುತ್ತಾನೆ, 20 ವರ್ಷದ ನಂತರ ನಾಸಾ ಎಂಜಿನಿಯರ್ ಆಗಿ ಬಂದು ಅವರ ಮುಂದೆ ಕೈಮುಗಿದು ಅಳುತ್ತಾನೆ.

ನೇರವಾಗಿ ಹೇಳುತ್ತೇನೆ. ಇದು ಒಹಾಯೊದ ಹೈಸ್ಕೂಲಲ್ಲ. ನಮ್ಮ ಕಡೆಯ ಹೈಸ್ಕೂಲಿಗೆ ಅಲ್ಲಿನ ಬೋರ್ಡು ಹಾಕಿದ್ದೀರಿ. ಮೊದಲ ಪುಟದಲ್ಲೇ ನೋಡಿ. ಗಂಟೆ ಹೊಡೆಯುತ್ತದೆ, ಮಕ್ಕಳು ಬೆಂಚಿನ ಮೇಲೆ ಕಾಯುತ್ತಿದ್ದಾರೆ, ಮೇಡಂ ಒಳಗೆ ಬಂದ ಕೂಡಲೇ ಎಲ್ಲರೂ ಎದ್ದು ನಿಲ್ಲುತ್ತಾರೆ. ಅಲ್ಲಿ ತಿರುಗಾಡುವುದು ಮಕ್ಕಳು, ಮೇಷ್ಟ್ರಲ್ಲ. ಬೆಳಗ್ಗೆ ಹಾಜರಿ ಒಂದು ಕೋಣೆಯಲ್ಲಿ, ಆಮೇಲೆ ಗಂಟೆ ಹೊಡೆದ ಹಾಗೆಲ್ಲ ಗಣಿತಕ್ಕೊಂದು ಕೋಣೆ, ಇಂಗ್ಲಿಷಿಗೊಂದು ಕೋಣೆ. ನಡುವೆ ಸಿಗುವ ಕೆಲವೇ ನಿಮಿಷಗಳಲ್ಲಿ ಕಾರಿಡಾರಿನ ಲಾಕರ್ ತೆಗೆದು ಪುಸ್ತಕ ಬದಲಾಯಿಸಬೇಕು, ಗೆಳೆಯನಿಗೆ ಒಂದು ಮಾತು ಹೇಳಬೇಕು, ಇಷ್ಟವಾದ ಹುಡುಗಿ ಯಾವ ಕಡೆಯಿಂದ ಬರುತ್ತಾಳೆ ನೋಡಬೇಕು. ಗೆಳೆತನ, ಜಗಳ, ಪ್ರೇಮ ಎಲ್ಲಾ ಕಾರಿಡಾರಿನಲ್ಲೇ. ನಿಮ್ಮ ಕತೆಯಲ್ಲಿ ಕಾರಿಡಾರೇ ಇಲ್ಲ!

ಇದರಿಂದ ಮೇಡಂ ಚಿತ್ರವೂ ಬದಲಾಗುತ್ತದೆ. ಆ ಕೋಣೆ ಅವರದು, ವರ್ಷಾನುಗಟ್ಟಲೆ ಅವರದೇ. ಗೋಡೆಯಲ್ಲಿ ಏನು ನೇತುಹಾಕಬೇಕು, ಕಿಟಕಿಯಲ್ಲಿ ಗಿಡ ಇಡಬೇಕೋ ಬೇಡವೋ, ಪೆನ್ಸಿಲ್ ಚೂಪು ಮಾಡಲು ಯಾವಾಗ ಏಳಬಹುದು, ಎಲ್ಲಾ ಅವರ ಲೆಕ್ಕ. ಹುಡುಗ ಅವರ ಜಾಗಕ್ಕೆ ಕಾಲಿಡುತ್ತಾನೆ. ಈ ಒಂದು ವಿಷಯ ಸರಿಮಾಡಿದರೆ ನಿಮ್ಮ ಅರ್ಧ ದೃಶ್ಯಗಳು ತಾವಾಗಿಯೇ ಬೇರೆ ಥರ ಬರುತ್ತವೆ. ಮಕ್ಕಳು ಎದ್ದು ನಿಲ್ಲಲೇಬೇಕು ಅಂದರೆ ಬೆಳಗಿನ ಧ್ವಜಪ್ರತಿಜ್ಞೆ ಇದೆ, ಎದೆಯ ಮೇಲೆ ಕೈಯಿಟ್ಟು ಹೇಳುವುದು. ಅದಕ್ಕೆ ದೇವರ ಹೆಸರು ಸೇರಿಸಿದ್ದು 1954ರಲ್ಲಿ. ಹಳೇ ಅಭ್ಯಾಸದಲ್ಲಿ ಯಾರೋ ಒಬ್ಬ ಆ ಮಾತು ಬಿಟ್ಟು ಮುಂದೆ ಹೋದ ಅಂತ ಬರೆದರೂ ಸಾಕು, ಕಾಲ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು, ವಯಸ್ಸು. ಅಲ್ಲಿನ ಹೈಸ್ಕೂಲು ಅಂದರೆ ಸುಮಾರು 14ರಿಂದ 18. ನಮ್ಮ ಪಿಯುಸಿಯೂ ಅದರೊಳಗೇ ಬಂತು. ನಿಮ್ಮ ಹುಡುಗ ಕಾರು ಓಡಿಸುವ ವಯಸ್ಸಿನವನು, ನೀವು ಮಾತ್ರ ಅವನ ಬಾಯಲ್ಲಿ ಹತ್ತು ವರ್ಷದ ಮಗುವಿನ ಮಾತು ಆಡಿಸಿದ್ದೀರಿ.

ಎರಡು ಸಣ್ಣ ತಪ್ಪು ಈಗಲೇ ತಿದ್ದಿಕೊಳ್ಳಿ. ಮೇಡಂ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸುತ್ತಾರೆ ಅಂತ ಬರೆದಿದ್ದೀರಿ. ಆಫೀಸುಗಳಿಗೆ ಆ ಹೆಸರನ್ನು ಪರಿಚಯಿಸಿದ ಜೆರಾಕ್ಸ್ 914 ಯಂತ್ರ ಬಂದದ್ದೇ 1959ರಲ್ಲಿ. ಶಾಲೆಗಳಲ್ಲಿ ಇದ್ದದ್ದು ಡಿಟ್ಟೋ ಯಂತ್ರ, ನಮ್ಮ ಸೈಕ್ಲೋಸ್ಟೈಲಿನ ಹತ್ತಿರದ ಸಂಬಂಧಿ. ಕೈಯಲ್ಲಿ ತಿರುಗಿಸಬೇಕು. ಅಕ್ಷರ ನೇರಳೆ ಬಣ್ಣ. ಹಾಳೆ ಇನ್ನೂ ತಣ್ಣಗೆ, ಹಸಿಹಸಿಯಾಗಿ ಕೈಗೆ ಬರುತ್ತಿತ್ತು, ಸ್ಪಿರಿಟ್ಟಿನ ವಾಸನೆಗೆ ಮಕ್ಕಳೆಲ್ಲ ಅದನ್ನು ಮೂಗಿಗೆ ಹಿಡಿಯುತ್ತಿದ್ದರು. ಮೇಡಂ ಬೆರಳ ತುದಿಯೂ ನೇರಳೆಯೇ. ಇಂಥದ್ದನ್ನು ಬಿಟ್ಟು ಜೆರಾಕ್ಸ್ ಯಾಕೆ?

ಎರಡನೆಯದು ಸ್ಪುಟ್ನಿಕ್, ರಷ್ಯಾದವರು ಹಾರಿಸಿದ ಮೊದಲ ಕೃತಕ ಉಪಗ್ರಹ. ಅಕ್ಟೋಬರ್ 4ರ ಬೆಳಗ್ಗೆ ಮೊದಲ ಪೀರಿಯಡ್ಡಿನಲ್ಲೇ ಮೇಡಂ ಅದರ ಬಗ್ಗೆ ಭಾಷಣ ಮಾಡುತ್ತಾರೆ. ಆಗಿನ್ನೂ ಅದು ಹಾರಿಯೇ ಇರಲಿಲ್ಲ. ಅಮೆರಿಕದಲ್ಲಿ ಸುದ್ದಿ ಗೊತ್ತಾದದ್ದು ಆ ದಿನ ಸಂಜೆ. ಅವತ್ತು ಶುಕ್ರವಾರ. ಶುಕ್ರವಾರ ರಾತ್ರಿ ಅಂದರೆ ಒಹಾಯೊದ ಸಣ್ಣ ಊರುಗಳಲ್ಲಿ ಹೈಸ್ಕೂಲ್ ಫುಟ್‌ಬಾಲ್. ಊರಿಗೆ ಊರೇ ಮೈದಾನದಲ್ಲಿ, ಬ್ಯಾಂಡು, ದೀಪ, ಯಾರದೋ ಕಾರಿನ ರೇಡಿಯೋದಲ್ಲಿ ರಷ್ಯಾದವರ ಉಪಗ್ರಹ ನಮ್ಮ ತಲೆಯ ಮೇಲೆ ಸುತ್ತುತ್ತಿದೆ ಅನ್ನುವ ಸುದ್ದಿ. ಟಿಕೆಟ್ ಕೊಡುತ್ತಾ ಗೇಟಿನಲ್ಲಿ ಕೂತವರು ಅದೇ ಇಂಗ್ಲಿಷ್ ಮೇಡಂ, ಏಕೆಂದರೆ ಇಂಥ ಕೆಲಸಗಳೂ ಮೇಷ್ಟ್ರ ತಲೆಗೇ ಬೀಳುತ್ತಿದ್ದವು. ಭಾಷಣವನ್ನು ಕಿತ್ತುಹಾಕಿ, ಆ ಗೇಟನ್ನು ಬರೆಯಿರಿ.

ಈಗ ಮುಖ್ಯ ವಿಷಯ. ನಿಮ್ಮ ಮೇಡಂ ಗುರುವೇ ಹೊರತು ನೌಕರಿ ಮಾಡುವ ಮನುಷ್ಯಳಲ್ಲ. ಸಂಬಳದ ಮಾತಿಲ್ಲ, ಹೆದರಿಕೆ ಇಲ್ಲ, ಸುಸ್ತೂ ಇಲ್ಲ. ನಾಲ್ಕನೇ ಪುಟದಲ್ಲಿ, ‘ಮಕ್ಕಳಿಗಾಗಿ ಮದುವೆಯನ್ನೇ ತ್ಯಾಗ ಮಾಡಿದರು’ ಎಂದಿದ್ದೀರಿ. ಅವರು ಕೆಲಸಕ್ಕೆ ಸೇರಿದ್ದು 1920ರ ದಶಕದಲ್ಲಿ ಅಲ್ವಾ? ಆಗ ಅಮೆರಿಕದ ಎಷ್ಟೋ ಊರುಗಳಲ್ಲಿ ಮದುವೆಯಾದ ಹೆಂಗಸನ್ನು ಟೀಚರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಕೆಲಸದಲ್ಲಿದ್ದು ಮದುವೆಯಾದರೆ ಮನೆಗೆ ಕಳಿಸುತ್ತಿದ್ದರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಇದು ಇನ್ನೂ ಬಿಗಿಯಾಯಿತು, ಸಡಿಲವಾಗಿದ್ದು ಮಹಾಯುದ್ಧದ ಹೊತ್ತಿಗೆ ಮೇಷ್ಟ್ರುಗಳೇ ಸಿಗದಾದಾಗ. ಅಂದರೆ ನಿಮ್ಮ ಮೇಡಂ ಮುಂದೆ ಇದ್ದದ್ದು ತ್ಯಾಗವಲ್ಲ, ಕಾಂಟ್ರಾಕ್ಟು. 1957ರಲ್ಲಿ ಪಕ್ಕದ ಕೋಣೆಗೆ ಮದುವೆಯಾದ 25ರ ಹುಡುಗಿ ಟೀಚರ್ ಆಗಿ ಬಂದಾಗ ಅವರಿಗೆ ಏನನ್ನಿಸಿತು? ಈ ಪ್ರಶ್ನೆ ಓದುತ್ತಿದ್ದಷ್ಟು ಹೊತ್ತೂ ನನ್ನನ್ನು ಕಾಡಿತು. ತ್ಯಾಗ ಅಂದುಬಿಟ್ಟು ನೀವೇ ಆ ಬಾಗಿಲು ಮುಚ್ಚಿದ್ದೀರಿ.

ಪುಸ್ತಕ ಕೊಡುವ ದೃಶ್ಯವೂ ಹೀಗೆಯೇ. ಊರಿನವರು ಬೇಡ ಎಂದ ಪುಸ್ತಕವನ್ನು ಮೇಡಂ ಹುಡುಗನ ಕೈಗಿಡುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಅದು ಕಮ್ಯುನಿಸ್ಟರ ಹೆದರಿಕೆಯ ಕಾಲ. ಹಲವು ರಾಜ್ಯಗಳಲ್ಲಿ ಮೇಷ್ಟ್ರುಗಳು ದೇಶಕ್ಕೆ ನಿಷ್ಠೆಯ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು. ಸಂಶಯ ಬಂದವರನ್ನು ತೆಗೆದುಹಾಕಲು ನ್ಯೂಯಾರ್ಕ್ ರಾಜ್ಯ 1949ರಲ್ಲಿ ಕಾನೂನನ್ನೇ ಮಾಡಿತು, ಸುಪ್ರೀಂ ಕೋರ್ಟು 1952ರಲ್ಲಿ ಅದನ್ನು ಸರಿ ಎಂದಿತು. ಊರಿನ ಶಾಲೆಗಳನ್ನು ನಡೆಸುವ ಸ್ಕೂಲ್ ಬೋರ್ಡಿನಲ್ಲಿ ಕೂತವರು ಅಂಗಡಿಯವರು, ಡಾಕ್ಟರು, ಜಮೀನಿನವರು, ಚರ್ಚಿನಲ್ಲಿ ವಾರವಾರ ಸಿಗುವವರು. ಮೇಡಂ ಧೈರ್ಯಕ್ಕೆ ಬೆಲೆ ತೆರಬೇಕಾದದ್ದು ಅಲ್ಲಿ. ಬೆಲೆಯೇ ಇಲ್ಲದ ಧೈರ್ಯವನ್ನು ಓದುಗರು ನಂಬುವುದಿಲ್ಲ.

ಹುಡುಗನ ಅಪ್ಪನನ್ನು ಬರೀ ಅಡ್ಡಿಯಾಗಿ ನಿಲ್ಲಿಸಿದ್ದೀರಿ. ಆತನ ವಾದ ಗಟ್ಟಿಯಾಗಿತ್ತು. ಯೂನಿಯನ್ ಬಲವಾಗಿತ್ತು, ಉಕ್ಕಿನ ಕೆಲಸಕ್ಕೆ ಒಳ್ಳೇ ಕೂಲಿ ಇತ್ತು. ಪಳಗಿದ ಕಾರ್ಮಿಕ ಹೊಸ ಮೇಷ್ಟ್ರಿಗಿಂತ ಜಾಸ್ತಿ ದುಡಿಯುತ್ತಿದ್ದ. ಓದಿ ಏನು ಸಿಗುತ್ತದೆ ಎಂದು ಆತ ಕೇಳಿದರೆ ಮೇಡಂ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಇನ್ನೊಂದು ಕಡೆ, 1957ರ ಆಗಸ್ಟ್‌ನಿಂದ 1958ರ ಏಪ್ರಿಲ್‌ವರೆಗೆ ಅಮೆರಿಕದಲ್ಲಿ ಆರ್ಥಿಕ ಹಿಂಜರಿತ. ಉಕ್ಕಿಗೆ ಬಲವಾದ ಪೆಟ್ಟು ಬಿತ್ತು. ನಿಮ್ಮ ಹುಡುಗ ಸೇರಬೇಕೆಂದಿದ್ದ ಚಳಿಗಾಲದಲ್ಲೇ ಕಾರ್ಖಾನೆಗಳು ಜನರನ್ನು ಮನೆಗೆ ಕಳಿಸುತ್ತಿದ್ದವು. ಕತೆಯ ನಿಜವಾದ ತಿರುವು ಇಲ್ಲೇ ಇದೆ, ಪುಸ್ತಕದಲ್ಲಿ ಅಲ್ಲ.

ಒಂಬತ್ತನೇ ಪುಟದಲ್ಲಿ, ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ಊರಿನ ಸುದ್ದಿ ಓದಿ ಮೇಡಂ ನಿಟ್ಟುಸಿರು ಬಿಡುತ್ತಾರೆ. ದಯವಿಟ್ಟು ಈ ಸಾಲು ತೆಗೆಯಿರಿ. ಅದು ನಿಟ್ಟುಸಿರಿಗೆ ಮುಗಿಯುವ ಸುದ್ದಿಯಲ್ಲ. ಬಿಳಿಯರಿಗೊಂದು ಕರಿಯರಿಗೊಂದು ಶಾಲೆ ಕೂಡದು ಎಂದು 1954ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳನ್ನು ಒಳಗೆ ಬಿಡಿಸಲು ಅಧ್ಯಕ್ಷ ಐಸೆನ್‌ಹೋವರ್ ಸೈನ್ಯ ಕಳಿಸಬೇಕಾಯಿತು. ಸೈನಿಕರು ಕಾರಿಡಾರಿನವರೆಗೂ ಬಂದರು, ಆದರೆ ತರಗತಿಯ ಒಳಗೆ ಆ ಮಕ್ಕಳನ್ನು ಕಾಪಾಡಬೇಕಾದವರು ಮೇಷ್ಟ್ರುಗಳೇ. ಕೆಲವರು ಕಾಪಾಡಿದರು, ಕೆಲವರು ಮುಖ ತಿರುಗಿಸಿದರು. ಮುಂದಿನ ವರ್ಷ ಗವರ್ನರ್ ಫಾಬಸ್ ಊರಿನ ಹೈಸ್ಕೂಲುಗಳನ್ನೇ ಮುಚ್ಚಿಸಿದ. ಮಕ್ಕಳಿಗೆ ಶಾಲೆ ಇಲ್ಲ, ಮೇಷ್ಟ್ರುಗಳು ಮಾತ್ರ ಕಾಂಟ್ರಾಕ್ಟಿನ ಪ್ರಕಾರ ಖಾಲಿ ಕೋಣೆಗಳಿಗೆ ಬರಬೇಕಿತ್ತು. ಫುಟ್‌ಬಾಲ್ ಪಂದ್ಯ ಮಾತ್ರ ನಿಲ್ಲಲಿಲ್ಲ. 1959ರ ಮೇನಲ್ಲಿ ಅಲ್ಲಿನ ಸ್ಕೂಲ್ ಬೋರ್ಡಿನ ಮೂವರು ಸೇರಿ 44 ಶಿಕ್ಷಕರು ಮತ್ತು ಸಿಬ್ಬಂದಿಯನ್ನು ತೆಗೆದುಹಾಕಲು ಹೊರಟರು, ಊರಿನವರು ವೋಟು ಹಾಕಿ ಆ ಮೂವರನ್ನೇ ಇಳಿಸಿದರು. ಇದನ್ನು ಬರೆಯುವುದಾದರೆ ಇದರ ಮೇಲೇ ಬರೆಯಿರಿ. ಇಲ್ಲವಾದರೆ ನಿಮ್ಮ ಒಹಾಯೊ ಊರಿನಲ್ಲೇ ನೋಡಿ. ಕಾನೂನಿನಲ್ಲಿ ಬೇರೆ ಶಾಲೆ ಇಲ್ಲದಿದ್ದರೂ ಯಾವ ಬೀದಿಯಲ್ಲಿ ಯಾರಿಗೆ ಮನೆ ಸಿಗುತ್ತದೆ, ಊಟದ ಹಾಲ್‌ನಲ್ಲಿ ಯಾರ ಪಕ್ಕ ಯಾರು ಕೂರುತ್ತಾರೆ ಎಂಬುದು ಅಲ್ಲೂ ಇತ್ತು.

ಇಷ್ಟೆಲ್ಲ ಹೇಳಿಯೂ ತಿದ್ದಿ ಕಳಿಸಿ ಅನ್ನುತ್ತಿರುವುದು ಏಳನೇ ಪುಟದ ಒಂದು ಪ್ಯಾರಾಕ್ಕಾಗಿ. ಮೇಡಂಗೆ ಅವತ್ತು ಊಟದ ಹಾಲ್ ಡ್ಯೂಟಿ. ಹುಡುಗ ತನ್ನ ಟ್ರೇಯಲ್ಲಿದ್ದ ಹಾಲಿನ ಬಾಟಲಿಯನ್ನು ಕುಡಿಯದೆ ಕೋಟಿನ ಜೇಬಿಗೆ ಇಳಿಸುತ್ತಾನೆ, ಮನೆಯಲ್ಲಿರುವ ತಂಗಿಗೆ. ಮೇಡಂ ನೋಡಿಯೂ ನೋಡದ ಹಾಗೆ ಆ ಕಡೆ ಹೋಗುತ್ತಾರೆ. 1946ರ ಕಾನೂನಿನಿಂದ ಶುರುವಾದ ಸರ್ಕಾರಿ ಊಟದಲ್ಲಿ ಹಾಲು ಇರಲೇಬೇಕಿತ್ತು, ಅದು ಆ ಟ್ರೇಗೆ ಎಂದೇ ಕೊಟ್ಟದ್ದು. ಇಲ್ಲಿ ಭಾಷಣ ಇಲ್ಲ, ಕಣ್ಣೀರಿಲ್ಲ. ಒಬ್ಬ ಹೆಂಗಸು ಡ್ಯೂಟಿಯ ಮೇಲಿದ್ದಾಳೆ, ಅದರಲ್ಲಿ ಒಂದು ಸಣ್ಣ ತಪ್ಪನ್ನು ಬೇಕೆಂದೇ ಮಾಡುತ್ತಾಳೆ. ಇದನ್ನು ಬರೆದವರಿಗೆ ಕತೆ ಬರೆಯಲು ಬರುತ್ತದೆ, ನನಗೆ ಅನುಮಾನವಿಲ್ಲ.

ಹಾಗಾಗಿ ಆ ಪ್ಯಾರಾವನ್ನು ಮೊದಲ ಪುಟಕ್ಕೆ ತನ್ನಿ. ನಾಸಾ ಬರುವ ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ, ಕತೆ 1958ರ ವಸಂತ ದಾಟುವುದು ಬೇಡ. ಅಪ್ಪನಿಗೆ ಒಂದು ದೃಶ್ಯ ಬೇಕೇ ಬೇಕು, ಮೇಡಂ ಎದುರಿಗೇ, ಅವರ ಕೋಣೆಯಲ್ಲೇ. ಹುಡುಗ ಕೊನೆಗೆ ಓದಿದನೋ ಕಾರ್ಖಾನೆಗೆ ಹೋದನೋ ನೀವೇ ತೀರ್ಮಾನಿಸಿ, ಎರಡಕ್ಕೂ ನನ್ನ ತಕರಾರಿಲ್ಲ. ಅವಸರ ಮಾಡಬೇಡಿ. ಮುಗಿದ ಮೇಲೆ ನೇರ ನನಗೇ ಕಳಿಸಿ, ಮೊದಲು ನಿಮ್ಮದನ್ನೇ ಓದುತ್ತೇನೆ.