ಡೋಪಮೈನ್ ಖುಷಿ ಕೊಡುತ್ತೆ ಸರಿ, ಈ ರಿಸೆಪ್ಟರ್ ಯಾಕೆ ಬೇಕು?

ಡೋಪಮೈನ್ ಅನ್ನೋದು ಮೆದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ಒಂದು ರಾಸಾಯನಿಕ. ರೀಲ್ಸ್‌ನಲ್ಲಿ ಡೋಪಮೈನ್ ಅಂದ್ರೆ ಖುಷಿ ಅಂತಾರೆ, ಹಾಗಾದ್ರೆ ರಿಸೆಪ್ಟರ್ ಏನು ಮಾಡುತ್ತೆ ಅಂತ ಕೇಳಿದ್ದೀರಿ. ನಾನು ಕಲಬುರಗಿಯಲ್ಲಿ ಮೆಡಿಕಲ್ ಅಂಗಡಿ ಇಟ್ಟಿರುವವನು, ಡಾಕ್ಟರ್ ಅಲ್ಲ. ಬಿ.ಫಾರ್ಮಾ ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ. ತಲೆಗೆ ಹತ್ತಿದ್ದು ಮಾತ್ರ ನನ್ನ ತಮ್ಮನಿಂದ.

ಅವನಿಗೆ ಆಗ 16 ವರ್ಷ. ಶರಣಬಸವೇಶ್ವರ ಜಾತ್ರೆಯಲ್ಲಿ ಹೊಟ್ಟೆ ಬಿರಿಯೋ ಹಾಗೆ ಮಿರ್ಚಿ ಭಜಿ ತಿಂದು ಬಂದ, ಮರುದಿನ ಒಂದೇ ಸಮನೆ ವಾಂತಿ. ಒಂದು ಕ್ಲಿನಿಕ್‌ನಲ್ಲಿ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟರು. ವಾಂತಿ ನಿಂತಿತು. ರಾತ್ರಿ ಊಟಕ್ಕೆ ಕೂತವನ ಕುತ್ತಿಗೆ ಮೆಲ್ಲಗೆ ಎಡಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆ ಮೇಲೆ ಹೋದವು, ನಾಲಿಗೆ ಹೊರಗೆ ಬಂತು. ಎಚ್ಚರ ಪೂರ್ತಿ ಇತ್ತು, ಕರೆದರೆ ‘ಹೂಂ’ ಅಂತಿದ್ದ. ಪಕ್ಕದ ಮನೆ ಕಾಕಿ, "ಗಾಳಿ ಬಡದದ, ಗಾಣಗಾಪುರಕ್ಕ ಕರ್ಕೊಂಡು ನಡೀರಿ" ಅಂದರು. ನಾವು ದೊಡ್ಡ ಆಸ್ಪತ್ರೆಗೆ ಓಡಿದೆವು. ಇನ್ನೊಂದು ಇಂಜೆಕ್ಷನ್ ಬಿತ್ತು. ಸ್ವಲ್ಪ ಹೊತ್ತಿಗೆ ಕುತ್ತಿಗೆ ನೆಟ್ಟಗಾಯ್ತು.

ಆಗಿದ್ದಿಷ್ಟು. ರಿಸೆಪ್ಟರ್ ಅಂದ್ರೆ ನರಕೋಶದ ಮೈಮೇಲಿರುವ ಒಂದು ಪ್ರೋಟೀನ್. ಬಸ್ಸಿನ ಸೀಟು ಅಂದ್ಕೊಳ್ಳಿ. ಡೋಪಮೈನ್ ಬಂದು ಕೂತರೆ ಕೋಶಕ್ಕೆ ಸುದ್ದಿ ಮುಟ್ಟುತ್ತೆ. ನಮ್ಮಲ್ಲಿ ಜೇವರ್ಗಿ ಬಸ್ಸಿಗೆ ಕಿಟಕಿಯಿಂದಲೇ ಟವೆಲ್ ಹಾಕ್ತಾರಲ್ವಾ, ಕೆಲವು ಔಷಧಗಳು ಆ ಟವೆಲ್ ಇದ್ದ ಹಾಗೆ. ತಾವು ಸುದ್ದಿ ಮುಟ್ಟಿಸೋದಿಲ್ಲ, ಡೋಪಮೈನ್‌ಗೂ ಕೂರೋಕೆ ಬಿಡೋದಿಲ್ಲ. ಮೆಟೊಕ್ಲೋಪ್ರಮೈಡ್ ಟವೆಲ್ ಹಾಕೋದು ಡಿ2 ಅನ್ನೋ ಸೀಟಿಗೆ. ವಾಂತಿ ಬರಿಸುವ ಜಾಗದಲ್ಲಿ ಡಿ2 ಇದೆ, ಹಾಗಾಗಿ ವಾಂತಿ ನಿಂತಿತು. ಆದರೆ ಮೈಕೈ ಚಲನೆ ನೋಡಿಕೊಳ್ಳುವ ಮೆದುಳಿನ ಭಾಗದಲ್ಲೂ ಅದೇ ಡಿ2 ಇದೆ. ಅಲ್ಲೂ ಟವೆಲ್ ಬಿತ್ತು. ಈ ತೊಂದರೆ ಮಕ್ಕಳಿಗೆ, ಹರೆಯದವರಿಗೆ ಜಾಸ್ತಿ. ವಾಂತಿಗೇ ಕೊಡುವ ಡೊಂಪೆರಿಡೋನ್ ಕೂಡ ಡಿ2 ಮೇಲೇ ಕೂರುತ್ತೆ, ಆದರೆ ಮೆದುಳಿನೊಳಗೆ ಅಷ್ಟಾಗಿ ಹೋಗಲ್ಲ, ಹಾಗಾಗಿ ಅದರಲ್ಲಿ ಈ ತೊಂದರೆ ಕಡಿಮೆ.

ಡೋಪಮೈನ್ ಕೂರುವ ಸೀಟು ಒಟ್ಟು 5 ಬಗೆ, ಡಿ1ರಿಂದ ಡಿ5. ಡಿ1, ಡಿ5 ಕೋಶವನ್ನು ಹುರಿದುಂಬಿಸುವ ಕಡೆಯವು. ಉಳಿದ ಮೂರು ಹಿಡಿದು ನಿಲ್ಲಿಸುವ ಕಡೆಯವು. ಸುಮ್ನೆ ‘ಡೋಪಮೈನ್ ಜಾಸ್ತಿಯಾದ್ರೆ ಖುಷಿ’ ಅನ್ನೋಕೆ ಬರಲ್ಲ. ಯಾವ ಜಾಗದಲ್ಲಿ, ಯಾವ ಸೀಟು ಅನ್ನೋದೇ ಲೆಕ್ಕ.

ಸ್ವಭಾವಕ್ಕೂ ಇದೇ ಮಾತು. ಕೈಕಾಲು ನಡುಗಿ ಬಿಗಿಯುವ ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮೈನ್ ತಯಾರಿಸುವ ಕೋಶಗಳೇ ಸಾಯುತ್ತವೆ. ಅವರಿಗೆ ಕೊಡುವ ಪ್ರಾಮಿಪೆಕ್ಸೋಲ್ ಡೋಪಮೈನ್ ಬದಲಿಗೆ ತಾನೇ ಡಿ2, ಡಿ3 ಸೀಟಿನಲ್ಲಿ ಕೂತು ಸುದ್ದಿ ಮುಟ್ಟಿಸುತ್ತೆ. ಬಿಗಿದ ಕೈಕಾಲು ಸಡಿಲಾಗುತ್ತೆ. ಆದರೆ ಜನ್ಮದಲ್ಲಿ ಇಸ್ಪೀಟು ಮುಟ್ಟದವರಲ್ಲೂ ಕೆಲವರಿಗೆ ಜೂಜಿನ ಹುಚ್ಚು ಹತ್ತುತ್ತೆ. ಮನೆಯವರು ಇದನ್ನು ನಾಚಿಕೆಪಟ್ಟು ಮುಚ್ಚಿಡಬಾರದು, ಡಾಕ್ಟರಿಗೆ ಹೇಳಬೇಕು. ಮಾತ್ರೆಯನ್ನು ತಾವಾಗೇ ನಿಲ್ಲಿಸೋದೂ ಬೇಡ.

ಅಂದ ಹಾಗೆ, ತಮ್ಮ ಇನ್ನೂ ಮಿರ್ಚಿ ಭಜಿ ಬಿಟ್ಟಿಲ್ಲ. ವಾಂತಿಗೆ ಕೊಟ್ಟ ಆ ಇಂಜೆಕ್ಷನ್ ಹೆಸರನ್ನು ಮಾತ್ರ ಚೀಟಿಯಲ್ಲಿ ಬರೆದು ಪರ್ಸ್‌ನಲ್ಲಿ ಇಟ್ಟುಕೊಂಡಿದ್ದಾನೆ.