“ಎಲ್ಲ ನಾಟಕ ಮೇಡಂ” ಎಂದ ತಾಯಿ, ಗಾಯ ಮುಚ್ಚಿಟ್ಟ ಮಗಳು

ಅವಳನ್ನು ಮೇಘಾ ಎಂದು ಕರೆಯೋಣ. ವಯಸ್ಸು 23. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ, ವಾಸ ಪಿಜಿಯಲ್ಲಿ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವಳ ಒಪ್ಪಿಗೆ ಇದೆ.

ಮನೋವೈದ್ಯರು ಅವಳನ್ನು ಮಾತಿನ ಚಿಕಿತ್ಸೆಗೆಂದು ನನ್ನ ಬಳಿ ಕಳಿಸಿದ್ದರು. ಜೊತೆಗೆ ಅಮ್ಮ ಬಂದಿದ್ದರು. ಮಗಳು ಹೊರಗೆ ಕೂತಿದ್ದಾಗ ಅವರು ಹೇಳಿದ್ದು ಇದು: “ಎಲ್ಲ ನಾಟಕ ಮೇಡಂ. ಫೋನ್ ಎತ್ತೋದು ಸ್ವಲ್ಪ ತಡ ಆದ್ರೆ ಸಾಕು, ರಂಪ ಮಾಡ್ತಾಳೆ. ಈಗ ಕೈ ಬೇರೆ ಗಾಯ ಮಾಡ್ಕೊಂಡಿದ್ದಾಳೆ. ನಮ್ಮನ್ನ ಹೆದರಿಸೋಕೆ.”

ಇಂಥ ಮಾತನ್ನು ಎಷ್ಟೋ ಹೆತ್ತವರ ಬಾಯಲ್ಲಿ ಕೇಳಿದ್ದೇನೆ. ಒಳಗಿನ ಭಯವೇ ಹಾಗೆ ಸಿಟ್ಟಾಗಿ ಹೊರಬರುತ್ತದೆ. ಆದರೆ ಮಾತು ಮಾತ್ರ ಸರಿಯಲ್ಲ. ಮೇಘಾ ಸುಮಾರು ಎರಡು ವರ್ಷ ಆ ಗಾಯಗಳನ್ನು ಉದ್ದ ತೋಳಿನ ಕುರ್ತಾ ಹಾಕಿ ಮುಚ್ಚಿಟ್ಟಿದ್ದಳು. ಹೆದರಿಸಬೇಕು ಎನ್ನುವವರು ಯಾರಾದರೂ ಮುಚ್ಚಿಡುತ್ತಾರಾ?

ವೈದ್ಯರು ಗುರುತಿಸಿದ್ದು ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್. ಎಲ್ಲರೂ ಕೈಬಿಟ್ಟು ಹೋಗುತ್ತಾರೆ ಎಂಬ ವಿಪರೀತ ಭಯ, ಇವತ್ತು ದೇವರಂತೆ ಕಂಡವರು ನಾಳೆ ಶತ್ರುವಾಗಿ ಕಾಣುವುದು, ಗಂಟೆಗಂಟೆಗೂ ಬದಲಾಗುವ ಮನಸ್ಸು, ತಡೆಯಲಾಗದ ಕೋಪ, ಒಳಗೆಲ್ಲ ಖಾಲಿ ಖಾಲಿ ಎನಿಸುವುದು, ತನ್ನನ್ನೇ ಗಾಯಗೊಳಿಸಿಕೊಳ್ಳುವುದು. ಹೀಗೆ ಒಟ್ಟು 9 ಲಕ್ಷಣಗಳ ಪಟ್ಟಿ ಇದೆ. ಕನಿಷ್ಠ 5 ಲಕ್ಷಣಗಳು ಬಹಳ ಕಾಲದಿಂದ ಇದ್ದರೆ ಮಾತ್ರ ವೈದ್ಯರು ಆ ಹೆಸರು ಕೊಡುತ್ತಾರೆ. ಒಂದೆರಡು ಲಕ್ಷಣ ನಮ್ಮಲ್ಲಿ ಅನೇಕರಿಗೆ ಇರಬಹುದು. ಇದನ್ನು ಓದಿ ನಿಮಗೆ ನೀವೇ ಕಾಯಿಲೆಯ ಹೆಸರು ಇಟ್ಟುಕೊಳ್ಳಬೇಡಿ.

ಗಾಯ ಮಾಡಿಕೊಳ್ಳುವುದರ ಬಗ್ಗೆ ಮಾತಾಡುವ ಮೊದಲು ನಾನು ನೇರವಾಗಿಯೇ ಕೇಳಿದೆ: “ಸಾಯಬೇಕು ಅನಿಸುತ್ತಾ?” ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂದು ಜನ ಹೆದರುತ್ತಾರೆ. ಹಾಗೇನೂ ಆಗುವುದಿಲ್ಲ. ಎಷ್ಟೋ ಜನರಿಗೆ ಅಂತೂ ಯಾರೋ ಕೇಳಿದರಲ್ಲ ಎಂದು ಎದೆ ಹಗುರಾಗುತ್ತದೆ. ಮೇಘಾ ಹೇಳಿದಳು: “ಸಾಯೋಕಲ್ಲ ಮೇಡಂ. ಆ ಕ್ಷಣ ತಡ್ಕೊಳ್ಳೋಕೆ ಆಗಲ್ಲ, ಅದು ನಿಲ್ಲಬೇಕು ಅಷ್ಟೇ.” ಸಾಯುವ ಉದ್ದೇಶವಿಲ್ಲದೆ ಗಾಯ ಮಾಡಿಕೊಳ್ಳುವವರಲ್ಲೂ ಮುಂದೆ ಆತ್ಮಹತ್ಯೆಯ ಅಪಾಯ ಜಾಸ್ತಿ ಇರುತ್ತದೆ. ಹಾಗಾಗಿ ಅಪಾಯದ ಹೊತ್ತಿನಲ್ಲಿ ಯಾರಿಗೆ ಫೋನ್ ಮಾಡಬೇಕು, ಯಾವ ವಸ್ತುಗಳು ಕೈಗೆ ಸಿಗದಂತೆ ಇರಬೇಕು ಎಂದು ಮೊದಲ ದಿನವೇ ಕೂತು ಬರೆದೆವು. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಜೀವಕ್ಕೆ ಅಪಾಯ ಎನಿಸಿದರೆ ಅಮ್ಮನಿಗೂ ವೈದ್ಯರಿಗೂ ಹೇಳುತ್ತೇನೆ ಎಂಬುದನ್ನೂ ಮೊದಲೇ ತಿಳಿಸಿದೆ.

ಆಮೇಲೆ ಒಂದು ಭಾನುವಾರವನ್ನು ಬಿಡಿಸಿ ನೋಡಿದೆವು. ಹಿಂದಿನ ರಾತ್ರಿ ನಿದ್ದೆ ಇಲ್ಲ. ಮಧ್ಯಾಹ್ನ ಊಟ ಮಾಡಿಲ್ಲ. ಸಂಜೆ ಸಿಗುತ್ತೇನೆ ಎಂದಿದ್ದ ಗೆಳತಿ ಬರಲಾಗಲ್ಲ ಎಂದಳು. ಮೇಘಾಳ ಮೆಸೇಜಿಗೆ ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. “ಇವಳೂ ನನ್ನ ಬಿಟ್ಟಳು” ಎಂಬ ಯೋಚನೆ. ಒಂದರ ಹಿಂದೊಂದು ಮೆಸೇಜ್. “ಸ್ವಲ್ಪ ಹೊತ್ತು ನನ್ನ ಪಾಡಿಗೆ ಬಿಡೇ” ಎಂದು ಗೆಳತಿಯ ಉತ್ತರ. ಎದೆಯಲ್ಲಿ ಉರಿ, ನಂತರ ಏನೂ ಅನಿಸದ ಮರಗಟ್ಟಿದ ಸ್ಥಿತಿ. ಆಗ ಗಾಯ. ಕೆಲವು ನಿಮಿಷ ನೆಮ್ಮದಿ. ಅದರ ಬೆನ್ನಿಗೇ ನಾಚಿಕೆ.

ಈ ಕೆಲವು ನಿಮಿಷಗಳ ನೆಮ್ಮದಿಯೇ ಅವಳನ್ನು ಮತ್ತೆ ಅಲ್ಲಿಗೆ ಎಳೆಯುತ್ತದೆ. ಸುಮ್ನೆ ಬೈದರೆ ಇದು ನಿಲ್ಲುವುದಿಲ್ಲ. ಬೈದರೆ ನಾಚಿಕೆ ಹೆಚ್ಚುತ್ತದೆ, ಆ ನಾಚಿಕೆ ಮುಂದಿನ ಸಲದ ಉರಿಗೆ ಸೇರಿಕೊಳ್ಳುತ್ತದೆ. ಆದರೆ ಒಂದಕ್ಕೊಂದು ಕೂಡಿದ ಈ ಸರಪಳಿ ಒಮ್ಮೆ ಕಣ್ಣಿಗೆ ಕಂಡರೆ ಎಲ್ಲಿ ಬೇಕಾದರೂ ಮುರಿಯಬಹುದು. ಮಧ್ಯಾಹ್ನದ ಊಟದಲ್ಲೇ ಮುರಿಯಬಹುದು!

ನಾವು ಹಿಡಿದ ದಾರಿ ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ಇದನ್ನು ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರ ಪ್ರೊಫೆಸರ್ ಮಾರ್ಷಾ ಲೈನ್‌ಹ್ಯಾನ್. 1991ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಈ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳು ಗಾಯ ಮಾಡಿಕೊಳ್ಳುವುದು ಕಡಿಮೆಯಾಗಿತ್ತು. ತಾವೂ ಹದಿಹರೆಯದಲ್ಲಿ ಗಾಯ ಮಾಡಿಕೊಳ್ಳುತ್ತಿದ್ದುದನ್ನು, ಆಸ್ಪತ್ರೆಯಲ್ಲಿ ಬಹಳ ಕಾಲ ಇದ್ದುದನ್ನು 2011ರಲ್ಲಿ ಅವರು ಎಲ್ಲರೆದುರು ಹೇಳಿಕೊಂಡರು. ಇದನ್ನು ಹೇಳಿದಾಗ ಮೇಘಾ ಬಹಳ ಹೊತ್ತು ಸುಮ್ಮನಿದ್ದಳು. “ಅವರು ಪ್ರೊಫೆಸರ್ ಆದ್ರಾ?” ಎಂದು ಮತ್ತೆ ಮತ್ತೆ ಕೇಳಿದಳು.

ಡಿಬಿಟಿಯಲ್ಲಿ ನಾಲ್ಕು ಬಗೆಯ ಕೌಶಲ ಕಲಿಸುತ್ತಾರೆ: ಈ ಕ್ಷಣವನ್ನು ಗಮನಿಸುವುದು, ಸಂಕಟ ತಡೆದುಕೊಳ್ಳುವುದು, ಭಾವನೆ ಸಂಭಾಳಿಸುವುದು, ಸಂಬಂಧ ಕೆಡದಂತೆ ಬೇಕಾದ್ದನ್ನು ಕೇಳುವುದು. ಮೇಘಾಗೆ ಮೊದಲು ಕೈಹಿಡಿದದ್ದು ಎರಡನೆಯದು. ಉಸಿರು ಬಿಗಿಹಿಡಿದು ಮುಖವನ್ನು ತಣ್ಣೀರಿನಲ್ಲಿ ಕೆಲ ಸೆಕೆಂಡು ಮುಳುಗಿಸಿದರೆ ಹೃದಯದ ಬಡಿತ ನಿಧಾನವಾಗುತ್ತದೆ, ಆವೇಗ ಇಳಿಯುತ್ತದೆ. (ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮಾಡಬಾರದು.) ಪಿಜಿಯ ಬಕೆಟ್ ನೀರೇ ಅವಳಿಗೆ ಸಾಕಾಯಿತು. ಆವೇಗ ಇಳಿದ ಮೇಲೆ ಮಾತ್ರ ಗೆಳತಿಗೆ ಮೆಸೇಜ್ ಎಂದು ಅವಳೇ ನಿಯಮ ಹಾಕಿಕೊಂಡಳು.

ಮಾತ್ರೆಯ ಬಗ್ಗೆಯೂ ಅಮ್ಮ ಕೇಳಿದರು. ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಔಷಧ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಕ್ಕೆ ವೈದ್ಯರು ಕೊಡುತ್ತಾರೆ. ಕೊಟ್ಟದ್ದನ್ನು ತಾವಾಗಿಯೇ ನಿಲ್ಲಿಸಬಾರದು.

ಹೆಚ್ಚು ಹೊತ್ತು ಬೇಕಾದದ್ದು ಅಮ್ಮನ ಜೊತೆಗಿನ ಮಾತಿಗೆ. ಕೆಲವರು ಹುಟ್ಟಿನಿಂದಲೇ ಬಹಳ ಸೂಕ್ಷ್ಮ, ಅಂಥ ಮಗುವಿನ ಅಳುವನ್ನು ಮತ್ತೆ ಮತ್ತೆ ತಳ್ಳಿಹಾಕಿದರೆ ಅದಕ್ಕೆ ತನ್ನ ಭಾವನೆಯನ್ನು ಸಂಭಾಳಿಸುವುದೇ ಗೊತ್ತಾಗುವುದಿಲ್ಲ ಎಂದು ವಿವರಿಸಿದೆ. ಮೇಘಾಳನ್ನು ಐದನೇ ಕ್ಲಾಸಿಗೆ ಹಾಸ್ಟೆಲಿಗೆ ಹಾಕಿದ್ದರು. ಅತ್ತಾಗಲೆಲ್ಲ “ದೊಡ್ಡವಳಾಗಿದ್ದೀಯ, ಅಳಬಾರದು” ಎಂದಿದ್ದರು. ಅಮ್ಮನ ಕಣ್ಣು ತುಂಬಿತು. “ಹಾಗಾದ್ರೆ ತಪ್ಪು ನಂದಾ ಮೇಡಂ?” ಅಲ್ಲ. ಹುಟ್ಟಿನ ಸ್ವಭಾವ, ಅನುವಂಶೀಯತೆ, ಅನುಭವ ಎಲ್ಲ ಸೇರಿ ಹೀಗಾಗುತ್ತದೆ. ಓದಲಿ ಎಂದು ಹಾಸ್ಟೆಲಿಗೆ ಕಳಿಸಿದ ತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನನ್ನ ಕೆಲಸವಲ್ಲ.

ಅವರಿಗೆ ನಾನು ಹೇಳಿದ್ದು ಹೀಗೆ. ಗಾಯ ಕಂಡರೆ ಕೂಗಾಡಬೇಡಿ, ಮೊದಲು ಶಾಂತವಾಗಿ ಗಾಯಕ್ಕೆ ಆರೈಕೆ ಮಾಡಿ. ಆಳವಾಗಿದ್ದರೆ ತಕ್ಷಣ ಆಸ್ಪತ್ರೆಗೆ. “ನನ್ನ ಮೇಲೆ ಆಣೆ ಮಾಡು” ಎಂದು ಹಿಡಿದುಕೊಳ್ಳಬೇಡಿ. ಆಣೆ ಮುರಿದ ದಿನ ಅವಳು ಮತ್ತೂ ಮುಚ್ಚಿಡುತ್ತಾಳೆ. “ನಿಂಗೆ ತುಂಬ ನೋವಾಗಿದೆ ಅಲ್ವಾ?” ಎಂದರೆ ಅವಳ ನೋವನ್ನು ಒಪ್ಪಿದಂತೆ, ಅವಳು ಮಾಡಿದ್ದನ್ನಲ್ಲ. ಗಾಯವಾದ ದಿನ ಮಾತ್ರ ಓಡಿ ಬರಬೇಡಿ, ಏನೂ ಆಗದ ದಿನಗಳಲ್ಲೂ ಫೋನ್ ಮಾಡಿ, ಊಟ ಏನು ಮಾಡಿದೆ ಎಂದು ಕೇಳಿ. ಫೋನ್ ಎತ್ತಲಾಗದ ಹೊತ್ತನ್ನು ಮುಂಚೆಯೇ ಹೇಳಿಬಿಡಿ, ಹೇಳಿದ ಹೊತ್ತಿಗೆ ತಪ್ಪದೆ ಮಾಡಿ.

“ಮದುವೆ ಮಾಡಿದ್ರೆ ಸರಿ ಹೋಗುತ್ತಾ?” ಎಂದೂ ಕೇಳಿದರು. ಇಲ್ಲ. ಕೈಬಿಟ್ಟು ಹೋಗುತ್ತಾರೆ ಎಂಬ ಭಯ ಇರುವವಳನ್ನು ಗುರುತಿಲ್ಲದ ಮನೆಗೆ ಕಳಿಸಿದರೆ ಭಯ ಹೆಚ್ಚುತ್ತದೆ. ಹರಕೆ ಇದ್ದರೆ ತೀರಿಸಿ ಬನ್ನಿ, ಚಿಕಿತ್ಸೆ ಮಾತ್ರ ನಿಲ್ಲಿಸಬೇಡಿ ಎಂದೆ.

ಈಗ ಒಂದು ವರ್ಷ ದಾಟಿದೆ. ನಡುವೆ ಜಾರಿದ್ದೂ ಇದೆ, ಆದರೆ ಮುಚ್ಚಿಡಲಿಲ್ಲ, ಬಂದು ಹೇಳಿದಳು. ಈ ಕಾಯಿಲೆಯಿದ್ದು ಆಸ್ಪತ್ರೆ ಸೇರಿದ್ದವರನ್ನು ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಸಂಶೋಧಕರು ವರ್ಷಗಟ್ಟಲೆ ಗಮನಿಸಿದ್ದಾರೆ. 10 ವರ್ಷಗಳಲ್ಲಿ ಬಹುಪಾಲು ಜನರ ಲಕ್ಷಣಗಳು ಇಳಿದಿದ್ದವು. ಕೆಲಸ, ಸಂಬಂಧಗಳು ಹಳಿಗೆ ಬರಲು ಮಾತ್ರ ಇನ್ನೂ ನಿಧಾನ. ಇದನ್ನು ಅಮ್ಮ ಮಗಳು ಇಬ್ಬರಿಗೂ ಹೇಳಿದ್ದೇನೆ.

ಓದುತ್ತಿರುವ ನಿಮಗೋ ನಿಮ್ಮವರಿಗೋ ಇಂಥ ಸಂಕಟವಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ಸಂಖ್ಯೆ 14416. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಜೀವಕ್ಕೆ ಅಪಾಯ ಎನಿಸಿದರೆ 108 ಅಥವಾ 112ಕ್ಕೆ ಕರೆ ಮಾಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ.